ಶಾಲೆಯಲ್ಲಿ ನೋಟು ಗುರುತಿಸುತ್ತಾನೆ, ಅಂಗಡಿ ಮುಂದೆ ಸುಮ್ನೆ ನಿಂತುಬಿಡುತ್ತಾನೆ. ಹೊರಗೆ ಕರ್ಕೊಂಡು ಹೋಗಿ ಕಲಿಸಿ ಅಂತ ಕೇಳಬಹುದಾ?

ಸಾಲಗಾಮೆ_ರಸ್ತೆ
ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಮಗನಿಗೆ 14 ವರ್ಷ, ಡೌನ್ ಸಿಂಡ್ರೋಮ್. ಇಲ್ಲೇ ಒಂದು ವಿಶೇಷ ಶಾಲೆಗೆ ಹೋಗುತ್ತಾನೆ. ಟೀಚರ್‌ಗಳು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಆ ವಿಷಯದಲ್ಲಿ ದೂರಿಲ್ಲ.

ಆದರೆ ಅಲ್ಲಿ ಕಲಿತದ್ದು ಅಲ್ಲೇ ಉಳಿಯುತ್ತಿದೆ. ಹಾಳೆ ಮೇಲೆ ಅಂಟಿಸಿದ ನೋಟಿನ ಚಿತ್ರ ತೋರಿಸಿದರೆ ಹತ್ತು, ಇಪ್ಪತ್ತು, ಐವತ್ತು ಅಂತ ಪಟಪಟ ಹೇಳುತ್ತಾನೆ. ನಮ್ಮ ಬೀದಿ ಕೊನೆಯ ಅಂಗಡಿಗೆ ಕಳಿಸಿದರೆ ನೋಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪಕ್ಕಕ್ಕೆ ನಿಂತುಬಿಡುತ್ತಾನೆ. ಬಂದವರೆಲ್ಲ ತಗೊಂಡು ಹೋದರೂ ಅವನು ಅಲ್ಲೇ. ಪೋಷಕರ ಸಭೆಯಲ್ಲಿ ವಾರಕ್ಕೊಂದು ದಿನ ಸಂತೆಗೋ, ಬಸ್ ಸ್ಟ್ಯಾಂಡಿಗೋ ಕರ್ಕೊಂಡು ಹೋಗಿ ಅಂತ ಕೇಳಿದೆ. 'ಹೆಚ್ಚುಕಮ್ಮಿ ಆದರೆ ಜವಾಬ್ದಾರಿ ಯಾರದು ಮೇಡಂ?' ಅಂದರು. ಮನೆಯಲ್ಲಿ ಯಜಮಾನರು 'ನಾವಿರುವಾಗ ಅವನ್ಯಾಕೆ ಅಂಗಡಿಗೆ ಹೋಗಬೇಕು' ಅನ್ನುತ್ತಾರೆ. ನಾನು ಕೇಳಿದ್ದು ಅತಿಯಾಯಿತಾ? ನಿಮ್ಮ ಮಕ್ಕಳಿಗೆ ಹೇಗೆ ಕಲಿಸಿದಿರಿ?

ದುದ್ದದ_ದಾರಿ
ಅತಿ ಏನಿಲ್ಲ. ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೊಡಿ.

ಬಳಪ
ನಾನು ವಿಶೇಷ ಶಿಕ್ಷಕಿ. ಇದೇ ಜಿಲ್ಲೆ, ನಿಮ್ಮ ಶಾಲೆಯಲ್ಲ.

ನಮ್ಮ ಮಕ್ಕಳಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ತಾವಾಗಿಯೇ ಒಯ್ಯುವುದು ಕಷ್ಟ. ಇದನ್ನು ತರಬೇತಿಯಲ್ಲೇ ನಮಗೆ ಹೇಳಿಕೊಡುತ್ತಾರೆ. ಹಾಳೆಯ ಮೇಲಿನ ನೋಟಿಗೆ ಮಡಿಕೆಯಿಲ್ಲ, ಕೊಳೆಯಿಲ್ಲ, ಎದುರಿಗೆ ಅವಸರ ಮಾಡುವವರಿಲ್ಲ. ಅಂಗಡಿಯಲ್ಲಿ ಹತ್ತು ರೂಪಾಯಿ ಅಂದರೆ ಹಳೇ ನೋಟು, ಕಂದು ಬಣ್ಣದ ಹೊಸ ನೋಟು, ನಾಣ್ಯ ಮೂರೂ ಇರುತ್ತವೆ. ಮಗು ಕಲಿತದ್ದು ಒಂದನ್ನೇ.

ಹಾಲು ತರುವ ಕೆಲಸವನ್ನೇ ತಗೊಳ್ಳಿ. ನಮಗೆ ಅದು ಒಂದೇ ಕೆಲಸ. ಬಿಡಿಸಿ ಬರೆದರೆ: ದುಡ್ಡು ಜೇಬಿಗೆ ಹಾಕು, ಚೀಲ ತಗೋ, ಚಪ್ಪಲಿ ಮೆಟ್ಟು, ಗೇಟು ಹಾಕು, ಅಂಗಡಿಗೆ ನಡೆ, ನಿನ್ನ ಸರದಿ ಬರುವವರೆಗೆ ನಿಲ್ಲು, 'ನೀಲಿ ಪ್ಯಾಕೆಟ್ ಹಾಲು ಒಂದು' ಅನ್ನು, ದುಡ್ಡು ಕೊಡು, ಚಿಲ್ಲರೆಗೆ ಕಾಯಿ, ಪ್ಯಾಕೆಟ್ ಚೀಲಕ್ಕೆ ಹಾಕು, ಮನೆಗೆ ಬಾ, ಫ್ರಿಜ್‌ನಲ್ಲಿಡು. ನಿಮ್ಮ ಮಗ ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ನೀವೇ ಬರೆದಿದ್ದೀರಿ. ದುಡ್ಡಿನ ಹತ್ತಿರ ಅಲ್ಲ. 'ಸರದಿ ಬರುವವರೆಗೆ ನಿಲ್ಲು' ಅನ್ನುವ ಕಡೆ. ನಮ್ಮ ಅಂಗಡಿಗಳಲ್ಲಿ ಸರದಿ ಎಲ್ಲಿದೆ? ಯಾರು ಗಟ್ಟಿಯಾಗಿ ಕೂಗುತ್ತಾರೋ ಅವರಿಗೆ ಮೊದಲು. ಕ್ಲಾಸಿನಲ್ಲಿ ನಾವು 'ಸುಮ್ಮನೆ ನಿಂತುಕೋ, ನಿನ್ನ ಹೆಸರು ಕರೀತೀನಿ' ಅಂತ ಕಲಿಸಿರುತ್ತೇವೆ. ಪಾಪ, ಅವನು ಕಲಿಸಿದ್ದನ್ನೇ ಮಾಡುತ್ತಿದ್ದಾನೆ!

ಕೊನೆಯ ಹೆಜ್ಜೆಯಿಂದ ಶುರು ಮಾಡಿ. ಮೊದಮೊದಲು ಎಲ್ಲ ನೀವೇ ಮಾಡಿ, ಫ್ರಿಜ್‌ನಲ್ಲಿಡುವುದು ಮಾತ್ರ ಅವನದು. ಅದು ರೂಢಿಯಾದ ಮೇಲೆ ಚೀಲ ಹೊತ್ತು ತರುವುದೂ ಅವನದು. ಹೀಗೆ ಹಿಂದಕ್ಕೆ ಬನ್ನಿ. ಕೆಲಸ ಮುಗಿಸಿದ ಖುಷಿ ಪ್ರತಿ ಸಲ ಅವನಿಗೇ ಸಿಗುತ್ತದೆ. ಬ್ಯಾಕ್‌ವರ್ಡ್ ಚೈನಿಂಗ್ ಅಂತಾರೆ ಇದಕ್ಕೆ.

ಇನ್ನು ಶಾಲೆಯ ವಿಷಯ. ಅವನ ಐಇಪಿ, ಅಂದರೆ ಅವನಿಗಾಗಿಯೇ ಶಾಲೆ ಬರೆದಿಟ್ಟ ಕಲಿಕೆಯ ಯೋಜನೆ, ತೆಗೆಸಿ ನೋಡಿ. 'ಹಣದ ಪರಿಚಯ' ಅಂತ ಗುರಿ ಬರೆದಿದ್ದರೆ, ಅದನ್ನು 'ಮನೆ ಹತ್ತಿರದ ಅಂಗಡಿಯಲ್ಲಿ ಒಂದು ವಸ್ತು ಕೊಂಡು ತರುತ್ತಾನೆ' ಅಂತ ಬದಲಾಯಿಸಿ ಅನ್ನಿ. ಹಾಗೆ ಬರೆದರೆ ಹೊರಗೆ ಹೋಗದೆ ವಿಧಿಯಿಲ್ಲ.

ಅರಸೀಕೆರೆ_ಜಂಕ್ಷನ್
ಹೇಳೋಕೆ ಚೆನ್ನಾಗಿದೆ ಮೇಡಂ. ಒಬ್ಬರು ಟೀಚರ್, ಎಂಟು ಮಕ್ಕಳು. ಒಬ್ಬ ಓಡಿದರೆ ಮಿಕ್ಕ ಏಳು ಜನರ ಗತಿ? ಹಾಸನದ ಬಿ.ಎಂ. ರಸ್ತೆ ದಾಟಲು ನನಗೇ ಎದೆ ಢವಢವ ಅನ್ನುತ್ತದೆ. ಶಾಲೆಯವರು ಜವಾಬ್ದಾರಿ ಯಾರದು ಅಂತ ಕೇಳಿದ್ದರಲ್ಲಿ ತಪ್ಪೇನಿದೆ? ನಾಳೆ ಏನಾದರೂ ಆದರೆ ಇಲ್ಲಿ 'ಬರೆದು ಕೊಡಿ' ಅಂದವರು ಬರುತ್ತಾರಾ?

ಬಳಪ
ಎಂಟು ಮಕ್ಕಳನ್ನು ಒಟ್ಟಿಗೆ ಕರ್ಕೊಂಡು ಹೋಗಿ ಅಂತ ಯಾರು ಹೇಳಿದರು? ಇಬ್ಬರು ಸಾಕು. ಮಿಕ್ಕವರು ಆಯಾ ಜೊತೆ ತರಗತಿಯಲ್ಲೇ ಇರಲಿ. ಎಂಟು ಜನ ಯೂನಿಫಾರಂ ಹಾಕಿಕೊಂಡು ಸಾಲಾಗಿ ಹೋದರೆ ಅದು ಪಿಕ್‌ನಿಕ್. ಅಂಗಡಿಯವರು ಅಯ್ಯೋ ಪಾಪ ಅಂತ ಚಾಕಲೇಟ್ ಹಂಚುತ್ತಾರೆ, ಫೋಟೋ ತೆಗೆಯುತ್ತಾರೆ. ಯಾರೂ ಏನೂ ಕೊಳ್ಳುವುದಿಲ್ಲ.

ಮತ್ತೆ ಮೊದಲ ದಿನವೇ ಬಿ.ಎಂ. ರಸ್ತೆ ಯಾಕೆ? ಶಾಲೆ ಪಕ್ಕದ ಓಣಿಯಲ್ಲಿ ಶುರು ಮಾಡಿ. ಪೋಷಕರ ಒಪ್ಪಿಗೆ ಪತ್ರ ತಗೊಳ್ಳಿ, ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಇರುವ ಕಾರ್ಡ್ ಇಡಿ. ಹಾಸನಾಂಬ ಬಾಗಿಲು ತೆಗೆಯುವ ದಿನಗಳಲ್ಲಿ ಮಾತ್ರ ಹೊರಗೆ ಹೋಗಲೇಬೇಡಿ. ಆ ಜನದಲ್ಲಿ ನಾವೇ ಕಳೆದುಹೋಗುತ್ತೇವೆ.

ಎರಡನೇ_ಮಗಳು
ಎಲ್ಲರೂ ಶಾಲೆ ಶಾಲೆ ಅಂತಿದ್ದೀರಿ. ಮನೆ ವಿಷಯ ಯಾರೂ ಮಾತಾಡುತ್ತಿಲ್ಲ ಅಲ್ವಾ?

ನನ್ನ ಅಣ್ಣನಿಗೆ 27. ಅಮ್ಮ ಇವತ್ತಿಗೂ ಅವನ ಶರ್ಟಿನ ಗುಂಡಿ ಹಾಕುತ್ತಾರೆ. ಅವನಿಗೆ ಬರುವುದಿಲ್ಲ ಅಂತ ಅಲ್ಲ. ಅಮ್ಮ ಮದುವೆ ಮನೆಗೆ ಹೋದ ದಿನ ನಾನು ಕೈ ಕಟ್ಟಿ ಕೂತೆ. ಕೆಳಗಿನ ಗುಂಡಿಯಿಂದ ಶುರು ಮಾಡಿ, ನಾಲಿಗೆ ಹೊರಗೆ ಚಾಚಿಕೊಂಡು ಒಂದೊಂದೇ ಹಾಕಿಕೊಂಡ. ಕಾಲರ್ ಹತ್ತಿರದ್ದು ಮಾತ್ರ ಬಿಟ್ಟ. ಅದನ್ನು ನಮ್ಮ ಅಪ್ಪನೂ ಹಾಕುವುದಿಲ್ಲ. ಅಮ್ಮನಿಗೆ ಹೇಳಿದರೆ 'ಅಷ್ಟು ಹೊತ್ತು ಯಾರು ಕಾಯ್ತಾರೆ, ವ್ಯಾನ್ ಬಂದುಬಿಡುತ್ತೆ' ಅಂದರು. ವ್ಯಾನಿಗೋಸ್ಕರ ಹದಿನೈದು ವರ್ಷ ಗುಂಡಿ ಹಾಕಿದ್ದಾರೆ.

ಅಪ್ಪ ಅಮ್ಮ ಇರುವಷ್ಟು ದಿನ ಸರಿ. ಆಮೇಲೆ ಹಾಕುವವಳು ನಾನು. ಅದನ್ನು ಯಾರೂ ನನ್ನ ಕೇಳಿಲ್ಲ.

ಬೇಲೂರು_ಅಕ್ಕ
ಎರಡನೇ_ಮಗಳು, ನಿನ್ನ ಸಿಟ್ಟು ಅರ್ಥವಾಗುತ್ತದೆ ಕಣಮ್ಮ. ಆದರೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಒಬ್ಬಳೇ ತಾಯಿ ತಿಂಡಿ, ಸ್ನಾನ, ಡಬ್ಬಿ ಎಲ್ಲ ನೋಡಬೇಕು. ಆ ಹೊತ್ತಲ್ಲಿ ಗುಂಡಿ ಪಾಠ ಮಾಡೋಕೆ ಆಗಲ್ಲ.

ಎರಡನೇ_ಮಗಳು
ಬೆಳಿಗ್ಗೆ ಬೇಡ ಅಕ್ಕ. ಸಂಜೆ ಬಟ್ಟೆ ಬದಲಾಯಿಸುವಾಗ ಮಾಡಬಹುದಲ್ಲ. ಭಾನುವಾರ ಮಾಡಬಹುದಲ್ಲ.

ಶೆಟ್ರಂಗಡಿ
ನಾನು ಅಂಗಡಿ ಇಟ್ಟವನು, ಚನ್ನರಾಯಪಟ್ಟಣ. ನಮ್ಮಲ್ಲಿಗೂ ಅಂಥ ಒಬ್ಬ ಹುಡುಗ ಬರುತ್ತಾನೆ. ಅನುಭವದ ಮಾತು ಹೇಳುತ್ತೇನೆ. ಬೆಳಿಗ್ಗೆ ಏಳರಿಂದ ಒಂಬತ್ತು ಬೇಡ, ಹಾಲು ಪೇಪರ್ ಗಲಾಟೆ. ಹನ್ನೊಂದು ಗಂಟೆಗೆ ಕಳಿಸಿ, ನಾವೂ ಮಾತಾಡಿಸುತ್ತೇವೆ. ಮುಂಚೆಯೇ ಬಂದು ಒಂದು ಮಾತು ಹೇಳಿ ಹೋಗಿ.

ದೊಡ್ಡ ತೊಂದರೆ ಅಂದರೆ ತಂದೆತಾಯಿ. ಹುಡುಗ ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಅಮ್ಮ 'ಅರ್ಧ ಕೆಜಿ ಸಕ್ಕರೆ ಶೆಟ್ರೇ' ಅನ್ನುತ್ತಾರೆ. ಇನ್ನು ಅವನ್ಯಾಕೆ ಬಾಯಿ ಬಿಡಬೇಕು? ರಸ್ತೆ ಆ ಕಡೆ ನಿಂತುಕೊಳ್ಳಿ ಸ್ವಾಮಿ.

ಸಾಲಗಾಮೆ_ರಸ್ತೆ
ಶೆಟ್ರೇ, ನಮ್ಮ ಅಂಗಡಿಯವರು ದುಡ್ಡು ತಗೊಳ್ಳದೆ ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

ಶೆಟ್ರಂಗಡಿ
ಬಿಸ್ಕತ್ತು ಕೊಡಲಿ, ದುಡ್ಡು ತಗೊಳ್ಳಲಿ ಅನ್ನಿ. 'ಇದು ಅವನ ಹೋಂವರ್ಕ್' ಅಂತ ಹೇಳಿ. ಹೋಂವರ್ಕ್ ಅಂದರೆ ಎಲ್ಲರೂ ಕೇಳುತ್ತಾರೆ.

ಬಳಪ
ಶೆಟ್ರಿಗೆ ನಮ್ಮ ಬಿ.ಎಡ್. ಕ್ಲಾಸ್ ತಗೊಳ್ಳೋಕೆ ಹೇಳಬೇಕು. ದೂರ ಸರಿಯುವುದೇ ಪಾಠದ ಅರ್ಧ. ಮೊದಲು ಕೈ ಹಿಡಿದು ಮಾಡಿಸುತ್ತೇವೆ, ಆಮೇಲೆ ಬಾಯಲ್ಲಿ ಹೇಳುತ್ತೇವೆ, ಆಮೇಲೆ ಬರೀ ಕಣ್ಸನ್ನೆ, ಆಮೇಲೆ ಅದೂ ಇಲ್ಲ. ಎಷ್ಟೋ ಮನೆಯಲ್ಲಿ ಕಣ್ಸನ್ನೆ ಜೀವನಪೂರ್ತಿ ಉಳಿದುಬಿಡುತ್ತದೆ.

ಲೆಕ್ಕ ಬಾರದ ಮಕ್ಕಳಿಗೆ ಇನ್ನೊಂದು ಉಪಾಯ: ಬೆಲೆ ಎಷ್ಟೇ ಇರಲಿ, ಅದಕ್ಕಿಂತ ದೊಡ್ಡ ನೋಟು ಒಂದು ಕೊಟ್ಟು ಚಿಲ್ಲರೆಗೆ ಕಾಯುವುದು. 24 ಅಂದರೆ ಐವತ್ತು. 63 ಅಂದರೆ ನೂರು. ಕೂಡಿ ಕಳೆಯುವುದು ಆಮೇಲೆ ಬಂದರೆ ಬರಲಿ, ಬಾರದಿದ್ದರೂ ಹಾಲು ಮನೆಗೆ ಬರುತ್ತದೆ. ವರ್ಕ್‌ಶೀಟಿನಲ್ಲಿ ಒಂದೇ ಬೆಲೆ ಬಾಯಿಪಾಠ ಮಾಡಿಸಿದವರ ಕಥೆ 2025ರ ಏಪ್ರಿಲ್‌ನಲ್ಲಿ ನೋಡಬೇಕಿತ್ತು. ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ನಮ್ಮ ಒಬ್ಬ ಹುಡುಗ 'ನೀವು ಸುಳ್ಳು ಹೇಳ್ತೀರಿ' ಅಂತ ಅಂಗಡಿಯವರ ಜೊತೆ ಜಗಳಕ್ಕೇ ನಿಂತ.

ಮೌಸ್_ಮಂಜ
ಈ ಕಾಲದಲ್ಲಿ ನೋಟು ಯಾಕೆ ಕಲಿಸುತ್ತೀರಿ? ಸ್ಕ್ಯಾನ್ ಮಾಡೋದು ಕಲಿಸಿ. ಸೊಪ್ಪಿನ ಅಜ್ಜಿ ಹತ್ತಿರವೂ ಕ್ಯೂಆರ್ ಇದೆ. ಸ್ಪೀಕರ್ ಡಬ್ಬಿ ಕನ್ನಡದಲ್ಲೇ ಕೂಗುತ್ತದೆ, ದುಡ್ಡು ಹೋಯಿತಾ ಇಲ್ಲವಾ ಅಂತ ಅವನಿಗೂ ಗೊತ್ತಾಗುತ್ತದೆ.

ಅರಸೀಕೆರೆ_ಜಂಕ್ಷನ್
ಕೂಸು ಹುಟ್ಟೋ ಮುಂಚೆ ಕುಲಾವಿ. ಪಿನ್ ನಂಬರ್ ಕೇಳಿದವರಿಗೆಲ್ಲ ಹೇಳಿಬಿಡುತ್ತಾನೆ ನನ್ನ ಮಗ. ಅಕೌಂಟ್ ಖಾಲಿ.

ಮೌಸ್_ಮಂಜ
ಅದಕ್ಕೂ ದಾರಿ ಇದೆ ಸರ್. ಯುಪಿಐ ಸರ್ಕಲ್ ಅಂತ 2024ರಲ್ಲಿ ಬಂತು. ಅಕೌಂಟ್ ನಿಮ್ಮದೇ. ಅವನ ಫೋನಿಗೆ ಅಧಿಕಾರ ಕೊಡುತ್ತೀರಿ. ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕಬಹುದು, ಅಥವಾ ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಕೇಳುವ ಹಾಗೆ ಇಡಬಹುದು. ನಿಮ್ಮ ಪಿನ್ ಅವನಿಗೆ ಗೊತ್ತಿರಬೇಕಿಲ್ಲ.

ಬಳಪ
ಒಳ್ಳೆಯ ಮಾಹಿತಿ. ಆದರೂ ನೋಟು ಮೊದಲು. ಫೋನ್ ಚಾರ್ಜ್ ಮುಗಿಯುತ್ತದೆ, ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತದೆ. ಮುಖ್ಯವಾಗಿ, ನೋಟು ಕೊಟ್ಟರೆ ಕೈಯಲ್ಲಿ ಕಮ್ಮಿಯಾಗುವುದು ಕಾಣುತ್ತದೆ.

ನೈಟ್_ಹಾಲ್ಟ್
ಕೆಎಸ್‌ಆರ್‌ಟಿಸಿ ಕಂಡಕ್ಟರ್. ಡ್ಯೂಟಿ ಮುಗಿಸಿ ಓದಿದೆ. ಬಸ್ ಕಲಿಸುವವರಿಗೆ ನಾಲ್ಕು ಮಾತು.

ನಮ್ಮ ಹಳ್ಳಿ ಬಸ್ಸಿಗೆ ನಂಬರ್ ಇರಲ್ಲ, ಬೋರ್ಡ್ ಇರುತ್ತದೆ. ಓದಲು ಬಾರದ ಮಕ್ಕಳಿಗೆ ಆ ಬೋರ್ಡಿನ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿಸಿ ಕೊಡಿ. ಎರಡೂ ಒಂದೇ ಥರ ಇದೆಯಾ ಅಂತ ನೋಡಿ ಹತ್ತಲಿ. ಇಳಿಯುವ ಸ್ಟಾಪ್ ಕಲಿಸಬೇಡಿ, ಅದಕ್ಕಿಂತ ಮುಂಚಿನ ಗುರುತು ಕಲಿಸಿ. ಪೆಟ್ರೋಲ್ ಬಂಕ್ ಬಂತಾ, ಎದ್ದು ಬಾಗಿಲಿಗೆ ಬಾ. ಸ್ಟಾಪ್ ಬಂದ ಮೇಲೆ ಏಳೋಕೆ ಹೋದರೆ ನಾವು ರೈಟ್ ಹೇಳಿಬಿಟ್ಟಿರುತ್ತೇವೆ.

ಒಬ್ಬ ಕಂಡಕ್ಟರ್‌ನ ನಂಬಿಕೊಂಡು ಕಲಿಸಬೇಡಿ. ನಮ್ಮ ರೂಟ್ ಬದಲಾಗುತ್ತಿರುತ್ತದೆ. 'ಆ ಅಣ್ಣ ಇಲ್ಲ' ಅಂತ ಬಸ್ಸೇ ಹತ್ತದೆ ಅಳುತ್ತಾ ನಿಂತ ಹುಡುಗಿಯನ್ನು ನೋಡಿದ್ದೇನೆ.

ಇನ್ನೊಂದು. ಚಿಲ್ಲರೆ ಇಲ್ಲದಿದ್ದರೆ ಬಾಕಿ ಎಷ್ಟು ಅಂತ ಟಿಕೆಟ್ ಹಿಂದೆ ಬರೆದು ಕೊಡುತ್ತೇವಲ್ಲ, ಅದನ್ನು ಯಾವ ಶಾಲೆ ಕಲಿಸುತ್ತದೆ? ಇಳಿಯುವ ಮುಂಚೆ ಟಿಕೆಟ್ ತಿರುಗಿಸಿ ನೋಡು, ಪೆನ್ನಲ್ಲಿ ಬರೆದಿದ್ದರೆ ಕಂಡಕ್ಟರ್‌ಗೆ ತೋರಿಸು. ಇಷ್ಟೇ ಪಾಠ. ದೊಡ್ಡವರೇ ಮರೆತು ಇಳಿದು ಹೋಗುತ್ತಾರೆ, ಆಮೇಲೆ ನಮಗೆ ಬೈಯ್ಯುತ್ತಾರೆ.

ದುದ್ದದ_ದಾರಿ
ನನಗೆ ಬರಬೇಕಾದ 45 ರೂಪಾಯಿ ಇನ್ನೂ ಯಾವುದೋ ಬಸ್ಸಿನಲ್ಲಿದೆ ಅಣ್ಣ.

ನೈಟ್_ಹಾಲ್ಟ್
ಟಿಕೆಟ್ ಇದ್ದರೆ ಡಿಪೋಗೆ ಬನ್ನಿ ಸರ್ 😄

ಬೇಲೂರು_ಅಕ್ಕ
ಹೆಣ್ಣುಮಕ್ಕಳಿಗೆ ಬಸ್ ಪಾಠ ಈಗ ಸ್ವಲ್ಪ ಸುಲಭ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದುಡ್ಡಿನ ಲೆಕ್ಕವೇ ಇಲ್ಲ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ಇಸ್ಕೊಂಡರೆ ಆಯಿತು. ಆದರೆ ಟಿಕೆಟ್ ಇಸ್ಕೊಳ್ಳಲೇಬೇಕು, ಇಳಿಯುವವರೆಗೆ ಬಿಸಾಡಬಾರದು, ಇದನ್ನು ನನ್ನ ಮಗಳಿಗೆ ಕಲಿಸಲು ಒಂದು ಮಳೆಗಾಲ ಹಿಡಿಯಿತು.

ಗಂಡಸರು ಇದ್ದೀರಿ ಅಂತ ಬಿಡುವುದಿಲ್ಲ, ಮುಟ್ಟಿನ ವಿಷಯವನ್ನೂ ಹೇಳುತ್ತೇನೆ. ಅದೂ ಜೀವನ ಕೌಶಲವೇ. ಮುಟ್ಟು ಶುರುವಾಗುವ ಮೊದಲೇ ಕಲಿಸಿ. ಒಳಉಡುಪಿನ ಮೇಲೆ ಪ್ಯಾಡ್ ಎಲ್ಲಿ ಕೂರಬೇಕು ಅಂತ ಬಣ್ಣದ ದಾರದಲ್ಲಿ ಗೆರೆ ಹೊಲಿದೆ. ಗೆರೆಯೊಳಗೆ ಅಂಟಿಸುವುದು ಅಭ್ಯಾಸವಾಯಿತು. ಪ್ಯಾಡಿಗೆ ಕುಂಕುಮದ ನೀರು ಹಾಕಿ, ಹೀಗಾದರೆ ಬದಲಾಯಿಸಬೇಕು, ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಬೇಕು ಅಂತ ತೋರಿಸಿದೆ. ನಿಜವಾಗಿ ಆದ ದಿನ ಅವಳು ಹೆದರಲಿಲ್ಲ. ಹೆದರಿದ್ದು ನಮ್ಮ ಅತ್ತೆ. ಗೊಂಬೆ ಇಟ್ಟುಕೊಂಡು ಕಲಿಸಿದ್ದು, ಚಾರ್ಟ್ ತೋರಿಸಿದ್ದು ಇದಕ್ಕೆ ಉಪಯೋಗಕ್ಕೆ ಬರಲಿಲ್ಲ, ಅವಳ ಬಟ್ಟೆ, ನಮ್ಮ ಬಚ್ಚಲು, ಅಲ್ಲೇ ಕಲಿಸಬೇಕಾಯಿತು.

ಕಾಫಿ_ಕಣ
ಅಕ್ಕ, ನನ್ನ ಹೆಂಡತಿಗೆ ಓದಿಸಿದೆ. ಥ್ಯಾಂಕ್ಸ್.

ನಮ್ಮದು ಸಕಲೇಶಪುರದ ಕಡೆ, ತೋಟದೊಳಗೆ ಮನೆ. ಪೇಟೆಯವರು 'ಒಬ್ಬನೇ ಹೋಗಲಿ ಬಿಡಿ' ಅಂದರೆ ನಗು ಬರುತ್ತದೆ. ಇಲ್ಲಿ ಬಸ್ಸಿಗೆ ನಡೆಯುವ ದಾರಿಯಲ್ಲಿ ಆನೆ ಇರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಆನೆ ಬಂದಿದೆ ಅಂತ ಮೆಸೇಜ್ ಬಂದರೆ ದೊಡ್ಡವರೇ ಗೇಟು ದಾಟಲ್ಲ. ಹಾಗಂತ ಕಲಿಸದೆ ಬಿಟ್ಟಿಲ್ಲ. ನಮ್ಮ ಹುಡುಗನಿಗೆ ಆಟಿಸಂ, ಮಾತು ಕಮ್ಮಿ. ಗೇಟಿನ ಹತ್ತಿರ ಕೆಂಪು ಬಟ್ಟೆ ಕಟ್ಟಿದ್ದರೆ ಹೊರಗೆ ಹೋಗಬಾರದು ಅಂತ ಕಲಿಸಿದ್ದೇವೆ. ಈಗ ಕೆಂಪು ಬಟ್ಟೆ ಇದ್ದ ದಿನ ನನ್ನನ್ನೂ ಹೋಗೋಕೆ ಬಿಡಲ್ಲ, ಅಂಗಿ ಹಿಡಿದು ಎಳೆಯುತ್ತಾನೆ.

ಅರಸೀಕೆರೆ_ಜಂಕ್ಷನ್
ಎಲ್ಲ ಸರಿ. ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಹಾಲು ತರೋದು, ಗುಂಡಿ ಹಾಕೋದು, ಇಷ್ಟೇನಾ ನಮ್ಮ ಮಕ್ಕಳಿಗೆ? ಓದಿಸೋದು ಬೇಡವಾ? ನನ್ನ ಮಗನಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಪರೀಕ್ಷೆ ಕಟ್ಟಿಸುತ್ತಿದ್ದೇನೆ. 'ಇವರಿಗೆ ಅಕ್ಷರ ಯಾಕೆ, ಬುಟ್ಟಿ ಹೆಣೆಯೋದು ಕಲಿಸಿ' ಅಂತ ಮೊದಲಿಂದಲೂ ಹೇಳಿಕೊಂಡು ಬಂದಿದ್ದಾರೆ. ಅದೇ ಮಾತನ್ನು ಈಗ ಲೈಫ್ ಸ್ಕಿಲ್ ಅಂತ ಹೇಳುತ್ತಿದ್ದೀರಿ ಅನಿಸುತ್ತದೆ.

ಬಳಪ
ಈ ಪ್ರಶ್ನೆ ಬರಲೇಬೇಕಿತ್ತು. ಓದುವ ಶಕ್ತಿ ಇರುವ ಮಗುವಿಗೆ ಓದಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಅಕ್ಷರಕ್ಕೂ ಅಂಗಡಿಗೂ ಜಗಳ ಯಾಕೆ ಹಚ್ಚುತ್ತೀರಿ? ಬಸ್ ಬೋರ್ಡು ಓದುವುದು ಓದಲ್ಲವಾ? ಮಗುವಿಗೆ ಏನೇನು ಬರುತ್ತದೆ ಅಂತ ಗುರುತು ಹಾಕಲು ನಾವು ಬಳಸುವ ಮದ್ರಾಸ್ ಪಟ್ಟಿಯಲ್ಲಿ, ಎಂ.ಡಿ.ಪಿ.ಎಸ್. ಅಂತಾರಲ್ಲ, 18 ವಿಭಾಗ, 360 ಅಂಶಗಳಿವೆ. ಊಟ, ಬಟ್ಟೆ, ಶೌಚದ ಜೊತೆಗೇ ಓದು, ಬರಹ, ಲೆಕ್ಕ, ಸಮಯ, ದುಡ್ಡು ಎಲ್ಲ ಒಂದೇ ಪಟ್ಟಿಯಲ್ಲಿವೆ.

ಎರಡನೇ_ಮಗಳು
ಅರಸೀಕೆರೆ ಅಂಕಲ್ ಹೇಳಿದ್ದರಲ್ಲೂ ನಿಜ ಇದೆ. ಅಣ್ಣನ ಶಾಲೆಯಲ್ಲಿ ವರ್ಷಗಟ್ಟಲೆ ಮೇಣದಬತ್ತಿ ಮಾಡಿಸಿದರು. ನಮ್ಮ ಮನೆಯಲ್ಲಿ ಯಾರಿಗೂ ಅದರ ಉಪಯೋಗ ಇಲ್ಲ, ಅವನಿಗೂ ಇಲ್ಲ.

ಗದ್ದೆಬಯಲು
ನಮ್ಮ ತಮ್ಮನ ಮಗ ಶಾಲೆಯಲ್ಲಿ ಕೆಂಪು ಮಣಿ ನೀಲಿ ಮಣಿ ಬೇರೆ ಮಾಡುತ್ತಿದ್ದ. ಮುಗಿದ ಮೇಲೆ ಟೀಚರ್ ಮತ್ತೆ ಬೆರೆಸಿಬಿಡುತ್ತಿದ್ದರಂತೆ! ನಾನು ಆಲೂಗಡ್ಡೆ ಕಿತ್ತಾಗ ಕರ್ಕೊಂಡು ಬಂದೆ. ದಪ್ಪ, ನಡುವಿನದು, ಸಣ್ಣದು, ಕೊಳೆತದ್ದು ಅಂತ ನಾಲ್ಕು ರಾಶಿ. ದಪ್ಪದ ಅಳತೆಗೆ ಒಂದು ಬಳೆ ಕೊಟ್ಟೆ, ಬಳೆಯೊಳಗೆ ತೂರಿದರೆ ನಡುವಿನ ರಾಶಿಗೆ. ಕೊಳೆತದ್ದು ಮಾತ್ರ ಮೂಗಿನಲ್ಲೇ ಹೇಳುತ್ತಿದ್ದ, ನನಗಿಂತ ಚುರುಕು. ಬೆರೆಸುವವರು ಯಾರೂ ಇಲ್ಲ, ಚೀಲ ಹೊಲಿದು ಮಂಡಿಗೆ ಕಳಿಸಿದ್ದನ್ನು ಅವನೇ ನೋಡಿದ.

ಮೌಸ್_ಮಂಜ
ಈ ಸಲ ಆಲೂಗಡ್ಡೆ ರೇಟು ಹೇಗಿತ್ತು ಅಣ್ಣ?

ಗದ್ದೆಬಯಲು
ಕೇಳಬೇಡಿ. ಅಂಗಮಾರಿ ರೋಗಕ್ಕೆ ಔಷಧಿ ಹೊಡೆದದ್ದೇ ಆಯಿತು.

ಎರಡನೇ_ಮಗಳು
ಗದ್ದೆಬಯಲು ಅಂಕಲ್, ಅವನಿಗೆ ಕೂಲಿ ಕೊಟ್ಟಿರಾ? ಬೇಜಾರು ಮಾಡ್ಕೋಬೇಡಿ. 'ಕಲೀತಾನೆ' ಅಂತ ನೆಂಟರ ತೋಟದಲ್ಲಿ ನಮ್ಮ ಅಣ್ಣನನ್ನು ಪುಕ್ಕಟೆ ದುಡಿಸಿಕೊಂಡವರಿದ್ದಾರೆ.

ಗದ್ದೆಬಯಲು
ಕೊಟ್ಟೆ ಕಣಮ್ಮ. ಬೇರೆಯವರಿಗೆ ಕೊಟ್ಟಷ್ಟು ಕೊಡಲಿಲ್ಲ, ಅವನು ಅರ್ಧ ದಿನ ಕೂರುತ್ತಾನೆ, ಅರ್ಧ ಕೂಲಿ. ಅವರಪ್ಪನ ಕೈಗಲ್ಲ, ಅವನ ಕೈಗೇ.

ಬೇಲೂರು_ಅಕ್ಕ
ಸರಿಯಾಗಿ ಮಾಡಿದಿರಿ. ದುಡ್ಡಿನ ಪಾಠ ಅಲ್ಲಿಂದಲೇ ಶುರು.

ಕಾಫಿ_ಕಣ
ಕಾಫಿ ಕುಯ್ಯೋದರಲ್ಲೂ ಹೀಗೆ ಕಲಿಸಬಹುದು, ಹಣ್ಣು ಮಾತ್ರ ಕುಯ್ಯಿ, ಕಾಯಿ ಬಿಡು ಅಂತ. ಆದರೆ ನಮ್ಮವನಿಗೆ ಕಾಯಿ ಹಣ್ಣು ಎರಡೂ ಒಂದೇ, ಗಿಡವನ್ನೇ ಬೋಳು ಮಾಡುತ್ತಾನೆ 😀

ಸಾಲಗಾಮೆ_ರಸ್ತೆ
ಬಳಪ ಮೇಡಂ, ಐಇಪಿ ವಿಷಯ ಶಾಲೆಗೆ ಬರೆದು ಕೊಡುತ್ತೇನೆ. ನೈಟ್_ಹಾಲ್ಟ್ ಅಣ್ಣ, ಅಂಗವಿಕಲರ ಬಸ್ ಪಾಸ್ ಎಲ್ಲಿ ಮಾಡಿಸುವುದು? ಮಗನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ.

ನೈಟ್_ಹಾಲ್ಟ್
ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಊರಿಂದ 100 ಕಿ.ಮೀ. ಒಳಗೆ ಓಡಾಡಬಹುದು, ವರ್ಷಕ್ಕೊಮ್ಮೆ ನವೀಕರಿಸಬೇಕು.

ಅರಸೀಕೆರೆ_ಜಂಕ್ಷನ್
18 ತುಂಬುವ ಮೊದಲು ಗಾರ್ಡಿಯನ್‌ಶಿಪ್ ಕಾಗದವನ್ನೂ, ಅಂದರೆ ಅವನ ಪರವಾಗಿ ಕಾನೂನಿನಲ್ಲಿ ಯಾರು ನಿಲ್ಲುತ್ತಾರೆ ಅನ್ನುವ ಕಾಗದ, ವಿಚಾರಿಸಿ ಇಟ್ಟುಕೊಳ್ಳಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ನೋಡುತ್ತದೆ. ನಿರಾಮಯ ಆರೋಗ್ಯ ವಿಮೆಯೂ ಅದೇ ಟ್ರಸ್ಟಿನದು, ವರ್ಷಕ್ಕೆ 1 ಲಕ್ಷದವರೆಗೆ. ಸಂತೆಗೆ ಕಳಿಸುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲು ಓಣಿ ಅಂಗಡಿ, ಸಂತೆ ಆಮೇಲೆ.

ಬಳಪ
ಅದನ್ನೇ ನಾನೂ ಹೇಳಿದ್ದು ಸರ್!

ಮೌಸ್_ಮಂಜ
ಗದ್ದೆಬಯಲು ಅಣ್ಣ, ಹುಡುಗ ಕೂಲಿ ದುಡ್ಡು ಏನು ಮಾಡಿದ?

ಗದ್ದೆಬಯಲು
ಇನ್ನೇನು, ಗೋಬಿ ಮಂಚೂರಿ. ಗಾಡಿ ಮುಂದೆ ನಿಂತು ಅವನೇ ಆರ್ಡರ್ ಮಾಡಿದ, ನನಗೂ ಒಂದು ಪ್ಲೇಟ್ ಕೊಡಿಸಿದ. ಕೆಂಪಗಿಲ್ಲ ಅಂತ ಗಾಡಿಯವನ ಹತ್ತಿರ ತಕರಾರು ಬೇರೆ.

ಶೆಟ್ರಂಗಡಿ
2024ರಲ್ಲೇ ಗೋಬಿಗೆ ಕೃತಕ ಬಣ್ಣ ನಿಷೇಧ ಮಾಡಿದ್ದಾರಲ್ಲ, ಕೆಂಪಗೆ ಎಲ್ಲಿಂದ ಬರಬೇಕು.

ದುದ್ದದ_ದಾರಿ
ಬಣ್ಣ ಹಾಕದೆ ಚೆನ್ನಾಗಿ ಮಾಡುವ ಗಾಡಿ ಹಾಸನದಲ್ಲಿ ಎಲ್ಲಿದೆ? ಯಾರಾದರೂ ಹೇಳಿ.